ದೋಷವಿಲ್ಲದ ಬೋರ್ಡು

ಲ್ಯಾಬಿನ ಬಾಗಿಲಿಗೆ ಬಂದು ನಿಂತಾಗ ಅವಳಿಗೆ ಕಂಡದ್ದು ಎರಡು ಕಾಲು ಮಾತ್ರ. ಮಿಕ್ಕ ಮನುಷ್ಯ ಮೇಜಿನ ಕೆಳಗಿದ್ದ. ಮಲಗಿಕೊಂಡೇ ಯಾವುದೋ ಸ್ಕ್ರೂ ಬಿಚ್ಚುತ್ತ, ಹಲ್ಲಿನ ಸಂದಿಯಿಂದ ಸಿಳ್ಳೆ ಹಾಕುತ್ತಿದ್ದ.

ಆ ಸಿಳ್ಳೆಗೆ ರಾಗವಿಲ್ಲ, ತಾಳವಿಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಸೋರಿದ ಹಾಗೆ ಅಷ್ಟೇ. ಆದರೂ ಅವಳು ಹೊಸ್ತಿಲು ದಾಟದೆ ನಿಂತಳು. ಅಷ್ಟು ಕೆಟ್ಟದಾಗಿ ಸಿಳ್ಳೆ ಹಾಕುವವನು ಅವಳು ಕಂಡ ಪ್ರಪಂಚದಲ್ಲಿ ಒಬ್ಬನೇ ಇದ್ದ.

ಕಾಲೇಜಿನ ಅಟೆಂಡರಣ್ಣ ಫೋನಿನಲ್ಲಿ ಇದನ್ನು ಹೇಳಿರಲಿಲ್ಲ. "ಹಳೇ ಲ್ಯಾಬ್ ಖಾಲಿ ಮಾಡ್ತಿದಾರಮ್ಮ. ಎಲ್ಲಾ ಗುಜರಿಗೆ ಹೋಗುತ್ತೆ. ನೆನಪಿಗೆ ಏನಾದ್ರೂ ಬೇಕಿದ್ರೆ ಬಂದು ಎತ್ಕೊಂಡು ಹೋಗು" ಎಂದಿದ್ದ, ಅಷ್ಟೇ. ಅದೇ ಫೋನು ಇನ್ನೊಬ್ಬರಿಗೂ ಹೋಗಿದೆ ಎಂಬುದನ್ನು ಆ ಪುಣ್ಯಾತ್ಮ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ. ಅವಳು ಕೆಲಸ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು. ಕೊರಳಲ್ಲಿ ಇನ್ನೂ ಐಡಿ ಕಾರ್ಡು ನೇತಾಡುತ್ತಿತ್ತು. ಅಲ್ಲಿನ ಮಾನಿಟರು, ಪಂಪು, ಸ್ಕ್ಯಾನರು ಯಾವುದು ಕೈಕೊಟ್ಟರೂ ಕರೆ ಬರುತ್ತಿದ್ದುದು ಅವಳಿಗೇ.

ಸದ್ದಿಲ್ಲದೆ ಹಿಂತಿರುಗಿ ಹೋಗಿಬಿಡಲೇ ಎಂದುಕೊಂಡಳು. ಆದರೆ ಈ ಮನುಷ್ಯನಿಗೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಅವಳು ವರ್ಷಗಟ್ಟಲೆ ಹೊತ್ತು ತಿರುಗಿದ್ದಳು. ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಅತ್ತಿಗೆ ಮದುವೆಯ ಮಾತು ತೆಗೆದಾಗಲೆಲ್ಲ ಅದನ್ನು ಮನಸ್ಸಿನಲ್ಲೇ ಕೇಳಿ ಕೇಳಿ ರೂಢಿಯಾಗಿತ್ತು. ಮೊದಮೊದಲು ಸಿಟ್ಟಿನಿಂದ, ಆಮೇಲಾಮೇಲೆ ಬರೀ ಬೇಸರದಿಂದ. ಯಾಕೆ ಹಾಗೆ ಮಾಡಿದೆ? ಇವತ್ತು ಕೇಳದೆ ಹೋದರೆ ಈ ಲ್ಯಾಬೂ ಇರುವುದಿಲ್ಲ, ಕೇಳುವ ನೆಪವೂ ಇರುವುದಿಲ್ಲ.

"ಫ್ಯೂಸ್" ಎಂದು ಕರೆದಳು.

ಸಿಳ್ಳೆ ನಿಂತಿತು. ಮೇಜಿನ ಕೆಳಗೆ ತಲೆ ಹಲಗೆಗೆ ತಾಕಿದ ಸದ್ದು ಬಂತು.

"ಮೀಟರ್?" ಎಂದಿತು ಕೆಳಗಿನ ದನಿ.

* * *

ಆ ಕೋರ್ಸಿಗೆ ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್ ಟೆಕ್ನಾಲಜಿ ಎಂದು ಹೆಸರು. ಸಂಜೆಯ ಕ್ಲಾಸು. ಹಗಲು ದುಡಿಯುವವರಿಗೆಂದೇ ಕಮ್ಯುನಿಟಿ ಕಾಲೇಜಿನವರು ನಡೆಸುತ್ತಿದ್ದದ್ದು. ಕಂಡಕ್ಟರೊಬ್ಬ ಟಿಕೆಟ್ ಚೀಲ ಹಾಕಿಕೊಂಡೇ ಬರುತ್ತಿದ್ದ, ಮೂರು ಮಕ್ಕಳ ತಾಯಿಯೊಬ್ಬಳು ಮನೆಪಾಠ ಮುಗಿಸಿ ಓಡಿ ಬರುತ್ತಿದ್ದಳು. ಅವಳು ಬರುತ್ತಿದ್ದದ್ದು ಅಣ್ಣನ ಚಪ್ಪಲಿ ಅಂಗಡಿಯಿಂದ. "ಒಂದು ವರ್ಷ ಓದ್ಕೋ. ಆಮೇಲೆ ಅಂಗಡಿನಾದ್ರೂ ನೋಡ್ಕೋ, ಗಂಡನ ಮನೆನಾದ್ರೂ ನೋಡ್ಕೋ" ಎಂದಿದ್ದ ಅಣ್ಣ. ಒಳ್ಳೆಯವನೇ. ಆದರೆ ಅವನ ಲೆಕ್ಕದಲ್ಲಿ ತಂಗಿಯ ಮುಂದೆ ಇದ್ದದ್ದು ಅವೆರಡೇ ದಾರಿ.

ಮೊದಲ ದಿನದ ಕೆಲಸ, ಒಂದು ತ್ರೀ ಪಿನ್ ಪ್ಲಗ್ಗಿಗೆ ವೈರು ಜೋಡಿಸುವುದು. ಅವಳ ಪಕ್ಕದ ಸ್ಟೂಲಿನಲ್ಲಿ ಉದ್ದ ಕೈಕಾಲಿನವನೊಬ್ಬ ಕೂತಿದ್ದ. ಸೋದರಮಾವನ ಟಿವಿ ರಿಪೇರಿ ಅಂಗಡಿಯಲ್ಲಿ ಕೆಲಸ. ಅಂಗಿಯ ತೋಳಿನ ತುಂಬ ಬೆಸುಗೆಯ ಸಾಲ್ಡರ್ ಹಾರಿ ಸುಟ್ಟ ಸಣ್ಣ ಸಣ್ಣ ತೂತುಗಳು. ಅವನು ಪ್ಲಗ್ಗನ್ನು ಇನ್ನೂ ಬಿಚ್ಚಿಯೂ ಇರಲಿಲ್ಲ. ಅವಳು ಚಕಚಕನೆ ಜೋಡಿಸಿ, ಹೆಮ್ಮೆಯಿಂದ ಗೋಡೆಗೆ ಸಿಕ್ಕಿಸಿ, ಸ್ವಿಚ್ ಒತ್ತಿದಳು.

ಟಪ್. ಇಡೀ ಮಹಡಿ ಕತ್ತಲು. ಪ್ಲಗ್ಗಿನೊಳಗೆ ತಂತಿಯ ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡು ಪಕ್ಕದ ಪಿನ್ನಿಗೆ ತಾಕಿತ್ತು.

"ಯಾರಪ್ಪಾ ಅದು?" ಕಾರಿಡಾರಿನಿಂದ ಅಟೆಂಡರಣ್ಣ ಕೂಗಿದ. "ಯಾರದು?" ಎಂದರು ಮೇಷ್ಟ್ರು. ಅವಳು ಬಾಯಿ ತೆರೆದಳು. ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು.

"ನಾನೇ ಸಾರ್" ಎಂದಿತು ಪಕ್ಕದ ದನಿ.

ಅಂದಿನಿಂದ ಅವನು ಫ್ಯೂಸ್. ಮೇಷ್ಟ್ರೇ ಇಟ್ಟ ಹೆಸರು. ಹಾಜರಿ ಕರೆಯುವಾಗಲೂ ಅದೇ. ಮರುದಿನ ಅವಳು ತಲೆ ತಗ್ಗಿಸಿಕೊಂಡು ಕೇಳಿದಳು, "ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ನಿಮ್ಮ ಮುಖ ನೋಡಿದೆ. ಅಳೋ ಹಾಗಿತ್ತು."

"ಆ ಕತ್ತಲಲ್ಲಿ ಮುಖ ಎಲ್ಲಿ ಕಾಣಿಸ್ತು?"

"ಕರೆಂಟ್ ಹೋಗೋಕ್ ಮುಂಚಿನಿಂದ್ಲೂ ನೋಡ್ತಾ ಇದ್ನಲ್ಲ" ಎಂದ. ಎಂದವನು ತಾನೇ ನಾಲಿಗೆ ಕಚ್ಚಿಕೊಂಡು, ಪ್ಲಗ್ಗಿನ ಸ್ಕ್ರೂ ಬಿಚ್ಚುವುದರಲ್ಲಿ ಮುಳುಗಿಹೋದ. ಆ ಸ್ಕ್ರೂ ಆಗಲೇ ಬಿಚ್ಚಿತ್ತು.

ಅವಳು ಮತ್ತೆಂದೂ ಅಳೆಯದೆ ಯಾವುದಕ್ಕೂ ಕರೆಂಟ್ ಕೊಡಲಿಲ್ಲ. ಕರೆಂಟ್ ಅಳೆಯುವ ಮಲ್ಟಿಮೀಟರಿನ ಕೆಂಪು ಕಪ್ಪು ಕಡ್ಡಿಗಳು ಅವಳ ಕೈಗೆ ಅಂಟಿಯೇ ಹುಟ್ಟಿದ್ದವೇನೋ ಅನ್ನಬೇಕು. ಅವಳಿಗೆ ಮೀಟರ್ ಎಂಬ ಹೆಸರು ಬಂತು. "ಸ್ವಲ್ಪ ತಾಳಿ, ಮೀಟರಮ್ಮನವ್ರು ಟೀನೂ ಅಳೆದೇ ಕುಡೀತಾರೆ" ಎಂದು ಅವನು ಕ್ಯಾಂಟೀನಿನಲ್ಲಿ ರೇಗಿಸುತ್ತಿದ್ದ. ಅವನದು ತದ್ವಿರುದ್ಧ. ಮೊದಲು ಸ್ವಿಚ್ ಒತ್ತು, ಏನು ತೊಂದರೆ ಅಂತ ಬೋರ್ಡೇ ಹೇಳುತ್ತೆ ಅನ್ನುವವನು.

ಕಂಪ್ಯೂಟರ್ ಬಿಚ್ಚುವ ದಿನಗಳಲ್ಲಿ ಎಲ್ಲರೂ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ಮೈಮೇಲಿನ ಸ್ಥಿರವಿದ್ಯುತ್ತು ಕಂಪ್ಯೂಟರಿನ ಚಿಪ್‌ಗಳನ್ನು ಸುಡದಿರಲಿ ಎಂದು ಆ ಪಟ್ಟಿಯ ವೈರನ್ನು ಮೇಜಿನ ಮೂಲೆಯ ಕೊಕ್ಕೆಗೆ ಸಿಕ್ಕಿಸುವುದು. ಒಂದು ಮೇಜಿಗೆ ಒಂದೇ ಕೊಕ್ಕೆ. ಇಬ್ಬರ ವೈರೂ ಅಲ್ಲಿಗೇ. ಒಬ್ಬರು ಎದ್ದರೆ ಇನ್ನೊಬ್ಬರ ಕೈ ಎಳೆಯುತ್ತಿತ್ತು. ಮೊದಮೊದಲು "ಸಾರಿ" "ಪರವಾಗಿಲ್ಲ" ಎನ್ನುತ್ತಿದ್ದರು. ಆಮೇಲೆ ಅವನು ಸುಮ್ಮಸುಮ್ಮನೆ ಕೈ ಎಳೆಯುವುದು, ಅವಳು ರ್‍ಯಾಮ್ ಕಡ್ಡಿಯ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜುತ್ತಿದ್ದವಳು ತಲೆ ಎತ್ತದೆಯೇ ತಿರುಗಿ ಎಳೆಯುವುದು.

"ಕೆಲಸ ನೋಡು" ಎನ್ನುವಳು. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ.

"ನೋಡ್ತಾನೇ ಇದೀನಿ" ಎನ್ನುವನು. ನೋಡುತ್ತಿದ್ದದ್ದು ಕೆಲಸವನ್ನಲ್ಲ. ಅವಳ ಕಿವಿ ಕೆಂಪಾಗುತ್ತಿತ್ತು.

ಮೇಷ್ಟ್ರದ್ದು ಒಂದು ಪದ್ಧತಿಯಿತ್ತು. ಪ್ರತಿಯೊಬ್ಬರೂ ಒಂದು ಬೋರ್ಡು ಮಾಡಿದ್ದರು. ಸಾಲಾಗಿ ಹತ್ತು ಪುಟ್ಟ ಕೆಂಪು ದೀಪ, ಒಂದು ಆರಿದರೆ ಮುಂದಿನದು ಹತ್ತುತ್ತ ಬೆಳಕು ಓಡುತ್ತಲೇ ಇರಬೇಕು. ವಾರಕ್ಕೊಮ್ಮೆ ಪಕ್ಕದವರ ಬೋರ್ಡಿಗೆ ಗುಟ್ಟಾಗಿ ಒಂದೇ ಒಂದು ದೋಷ ಹಾಕಿ ಕೊಡುವುದು. ಅವರು ಹುಡುಕಿ ಸರಿಮಾಡಬೇಕು. ದೋಷ ಎಲ್ಲಿದೆ ಎಂದು ಹಾಕಿದವರಿಗೆ ಬಿಟ್ಟರೆ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಸೋತವರು ಟೀ ಕೊಡಿಸಬೇಕು.

ಅವನ ದೋಷಗಳು ಮಹಾ ಕಿಲಾಡಿ. ಸಾಲ್ಡರಿನ ಗುಂಡಿನ ಅಡಿಯಲ್ಲಿ ಯಾವುದೋ ಬಿಡಿಭಾಗದ ಕಾಲು ಎತ್ತಿಟ್ಟಿರುತ್ತಿದ್ದ. ತಾಮ್ರದ ಗೆರೆಯನ್ನು ಕೂದಲೆಳೆಯಷ್ಟು ಸೀಳಿ ಮೇಲೆ ಅಂಟು ಬಳಿದಿರುತ್ತಿದ್ದ. ಅವಳು ಪಟ್ಟು ಬಿಡದೆ ಅಳೆದು ಅಳೆದು ಹಿಡಿದುಬಿಡುತ್ತಿದ್ದಳು. ಆ ವರ್ಷವೆಲ್ಲ ಅವಳು ಕುಡಿದ ಟೀ ಬಹುಪಾಲು ಅವನ ಲೆಕ್ಕದ್ದು.

"ನನಗೆ ಸಿಗದೇ ಇರೋ ದೋಷ ಒಂದಾದ್ರೂ ಹಾಕು ನೋಡೋಣ" ಎಂದಳು ಒಮ್ಮೆ.

"ಹಾಕ್ತೀನಿ. ಕೊನೇ ಪರೀಕ್ಷೆ ದಿನ" ಎಂದ. ನಗಲಿಲ್ಲ. ಅವಳ ಕಡೆ ನೋಡಿದ, ಮತ್ತೆ ಬೇರೆ ಕಡೆ ನೋಡಿದ. ಅವನಿಗೆ ಆಗಲೇ ಲಿಫ್ಟ್ ಕಂಪನಿಯಿಂದ ಕೆಲಸದ ಕರೆ ಬಂದಿತ್ತು. ಪರೀಕ್ಷೆಯ ರಾತ್ರಿಯೇ ಬೇರೆ ಊರಿಗೆ ಬಸ್ಸು. ಅದನ್ನು ಅವಳಿಗೂ ಹೇಳಿದ್ದ. ಹೇಳದೆ ಉಳಿದದ್ದು ಇನ್ನೊಂದಿತ್ತು. ಅದು ಅವನ ಬಾಯಿಂದ ಎಂದು ಬೀಳುತ್ತದೋ ಎಂದು ಅವಳು ದಿನವೂ ಕಾಯುತ್ತಿದ್ದಳು.

ಕೊನೆಯ ಪರೀಕ್ಷೆಗೆ ಮೂರು ಗಂಟೆ ಕಾಲಾವಕಾಶ. ಅವನು ಕೈಗಿತ್ತ ತನ್ನ ಬೋರ್ಡನ್ನು ಅವಳು ಮುಂದಿಟ್ಟುಕೊಂಡು ಮೀಟರ್ ತೆಗೆದಳು. ಪಕ್ಕದವನು ತನ್ನ ಬೋರ್ಡಿನ ದೋಷವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದು, ದೀಪ ಓಡಿಸಿ ತೋರಿಸಿ, ಅವಳನ್ನೊಮ್ಮೆ ನೋಡಿ ಹೊರಗೆ ನಡೆದ. ಆ ನೋಟವನ್ನು ಅವಳು ಸವಾಲು ಎಂದುಕೊಂಡಳು.

ಒಂದೊಂದೇ ಅಳೆದಳು. ಎಲ್ಲವೂ ಸರಿಯಿತ್ತು. ಮತ್ತೆ ಅಳೆದಳು. ಎಲ್ಲವೂ ಸರಿಯಿದ್ದರೆ ದೋಷ ಇನ್ನೂ ಆಳದಲ್ಲಿದೆ ಎಂದರ್ಥ, ಸಿಗದೇ ಇರೋ ದೋಷ ಹಾಕ್ತೀನಿ ಎಂದಿದ್ದನಲ್ಲ! ಕರೆಂಟ್ ತಡೆಯುವ ಒಂದು ರೆಸಿಸ್ಟರು ಸ್ವಲ್ಪ ಕಡಿಮೆ ತೋರಿಸಿದಂತಾಯಿತು. ಬೋರ್ಡಿನ ಮೇಲಿರುವಾಗ ಅಕ್ಕಪಕ್ಕದ ದಾರಿಗಳೂ ಸೇರಿ ಅಳತೆ ತಪ್ಪುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಪಾಠ. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಕಿತ್ತಳು. ಹೊಸದು ಹಾಕಿದಳು. ಇನ್ನೊಂದನ್ನು ಕಿತ್ತಳು. ಕಾವು ಹೆಚ್ಚಾಗಿ ತಾಮ್ರದ ಗೆರೆ ಬೋರ್ಡಿನಿಂದ ಸಿಪ್ಪೆಯಂತೆ ಸುಲಿದು ಬಂತು. ಗಂಟೆ ಹೊಡೆಯಿತು.

ಮೇಷ್ಟ್ರು ಅವನನ್ನು ಕರೆಸಿದರು. "ಏನು ದೋಷ ಹಾಕಿದ್ದೆಯಪ್ಪ?"

ಅವನು ಅವಳ ಕೈಯಲ್ಲಿದ್ದ ಸುಟ್ಟ ಬೋರ್ಡನ್ನು ನೋಡಿದ. ಅವನ ಮುಖ ಬಿಳುಚಿಕೊಂಡಿತು. "ಏನೂ ಹಾಕಿರಲಿಲ್ಲ ಸಾರ್."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಕಂಡಕ್ಟರಂತೂ ಹೊಟ್ಟೆ ಹಿಡಿದುಕೊಂಡ. ಅವಳು ನಾಪಾಸು. ಅವನು ಕಾರಿಡಾರಿನಲ್ಲಿ ಹಿಂದೆಯೇ ಓಡಿ ಬಂದ. ಮೆಟ್ಟಿಲ ಕೆಳಗೆ ಅಣ್ಣ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಒಂದ್ನಿಮಿಷ ಕೇಳು..."

"ಆಟ ಆಡ್ಸಿದ್ಯಾ ನನ್ನ? ಇಲ್ಲಾ, ಪಾಪ ಅಂತ ಬಿಟ್ಟಿ ಪಾಸ್ ಮಾಡ್ಸೋಣ ಅಂದ್ಕೊಂಡ್ಯಾ? ಯಾವ್ದಾದ್ರೂ ಸರಿ, ಇನ್ನು ಮುಖ ತೋರಿಸ್ಬೇಡ."

ಅವನು ತೋರಿಸಲಿಲ್ಲ.

* * *

ಈಗ ಆ ಮುಖ ಮೇಜಿನ ಕೆಳಗಿನಿಂದ ಹೊರಬಂತು. ನೆತ್ತಿ ಉಜ್ಜಿಕೊಳ್ಳುತ್ತಿತ್ತು. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು, ಮೂಗಿನ ಮೇಲೆ ಕನ್ನಡಕ. ಅಂಗಿಯ ತೋಳಿನಲ್ಲಿ ಮಾತ್ರ ಅದೇ ತೂತುಗಳು.

"ಚೆನ್ನಾಗಿದೀರಾ?" ಎಂದಳು. ಎಂದಮೇಲೆ ಆ 'ರಾ' ಅವಳಿಗೇ ಚುಚ್ಚಿತು.

"ಇದೀನಿ. ನೀವು?" ಎಂದ ಅವನೂ. ಆಮೇಲೆ ಕೈಯಲ್ಲಿದ್ದ ಪಟ್ಟಿ ತೋರಿಸಿದ. ಮಣಿಕಟ್ಟಿನ ಹಳೆಯ ಪಟ್ಟಿ, ಅದರ ವೈರು, ಮೇಜಿನಿಂದ ಕಿತ್ತ ಕೊಕ್ಕೆ. "ನೆನಪಿಗೆ ಏನಾದ್ರೂ ಎತ್ಕೋ ಅಂದ ಅಟೆಂಡರಣ್ಣ. ನನಗೆ ಇದು ಸಾಕು ಅನ್ನಿಸ್ತು. ಸ್ಕ್ರೂ ತುಕ್ಕು ಹಿಡಿದು ಬರ್ತಾನೇ ಇರಲಿಲ್ಲ ನೋಡಿ."

ಅವಳು ಮುಖ ತಿರುಗಿಸಿದಳು. ತಿರುಗಿಸಿದ ಕಡೆ ಗೋಡೆಯ ಮೇಲೆ, ಕರಿಹಲಗೆಯ ಪಕ್ಕದಲ್ಲಿ, ಮೊಳೆಗೆ ನೇತು ಹಾಕಿದ ಒಂದು ಬೋರ್ಡಿತ್ತು. ಹತ್ತು ಪುಟ್ಟ ದೀಪ. ಸುಲಿದ ತಾಮ್ರ. ಕೆಳಗೆ ಮೇಷ್ಟ್ರ ದುಂಡು ಅಕ್ಷರದಲ್ಲಿ, 'ಇಲ್ಲದ ದೋಷ ಹುಡುಕಬೇಡಿ.'

"ಅಯ್ಯೋ! ಇಷ್ಟು ವರ್ಷ ಇದನ್ನ ಇಲ್ಲೇ ತೂಗುಹಾಕಿದ್ರಾ?"

"ಪ್ರತಿ ಬ್ಯಾಚಿಗೂ ತೋರ್ಸಿ ಪಾಠ ಮಾಡ್ತಿದ್ರಂತೆ, ರಿಟೈರ್ ಆಗೋವರೆಗೂ" ಎಂದ. "ಮೀಟರಮ್ಮನವ್ರು ಫೇಮಸ್ಸು."

ಅವಳು ನಕ್ಕುಬಿಟ್ಟಳು. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡವು. ಪ್ರಶ್ನೆ ತಾನಾಗಿಯೇ ಹೊರಬಿತ್ತು. "ಯಾಕೆ ಹಾಗೆ ಮಾಡಿದೆ?"

ಅವನು ಸ್ಟೂಲು ಎಳೆದುಕೊಂಡು ಕೂತ. ಸ್ವಲ್ಪ ಹೊತ್ತು ಪಟ್ಟಿಯ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಪರೀಕ್ಷೆಗೆ ಮೂರು ಗಂಟೆ ಟೈಮು. ನಿಮ್ಮಣ್ಣ ಬರೋದು ಅದು ಮುಗಿದ್ಮೇಲೆ. ನೀನು ಸ್ವಿಚ್ ಒತ್ತೀಯ, ದೀಪ ಓಡುತ್ತೆ, ನಗ್ತೀಯ, ಹೊರಗೆ ಬರ್ತೀಯ. ಉಳಿದಷ್ಟು ಹೊತ್ತು ನಮ್ಮದು ಅಂದ್ಕೊಂಡೆ. ಕ್ಯಾಂಟೀನಲ್ಲಿ ಎರಡು ಟೀ ತಗೊಂಡು ಕೂತಿದ್ದೆ."

"ಎರಡು ಟೀ?"

"ಕೆನೆ ಕಟ್ಟಿ ತಣ್ಣಗಾದ್ವು. ಮತ್ತೆರಡು ತಗೊಂಡೆ. ಅವೂ ಆರಿದ್ವು. ಎಲ್ಲಾ ಅಟೆಂಡರಣ್ಣನೇ ಕುಡಿದ."

"ಏನು ಹೇಳೋಕೆ ಕೂತಿದ್ದೆ?"

"ಮುಂಚೆ ಇದನ್ನ ಕೇಳು. ವರ್ಷವೆಲ್ಲ ನಿನ್ನ ಬೋರ್ಡನ್ನ ಕೆಡಿಸಿದ್ದೆ. ಅಷ್ಟು ಚೆಂದ ಸಾಲ್ಡರ್ ಮಾಡ್ತಿದ್ದೆ ನೀನು, ಒಂದೊಂದು ಸಲ ಕೆಡ್ಸೋವಾಗ್ಲೂ ಮನಸ್ಸು ಬರ್ತಿರಲಿಲ್ಲ. ಕೊನೇ ದಿನ ಕೈಯೇ ಬರಲಿಲ್ಲ. ದೋಷ ಇಲ್ಲ ಅಂತ ನೋಡಿದ ಕೂಡ್ಲೇ ನಿನಗೆ ಅರ್ಥ ಆಗುತ್ತೆ ಅಂದ್ಕೊಂಡಿದ್ದೆ."

ಅವಳು ಹಣೆಗೆ ಕೈ ಹಚ್ಚಿಕೊಂಡಳು. "ನಾನು ಸ್ವಿಚ್ಚೇ ಒತ್ತಲಿಲ್ಲ ಕಣೋ."

"ಗೊತ್ತು. ನನಗೆ ಹೊಳೀಬೇಕಿತ್ತು. ಅಳೀದೆ ಒತ್ತೋಳಲ್ಲ ನೀನು."

"ಅಳೆಯೋಕೆ ಶುರು ಮಾಡಿದ್ದೇ ನಿನಗೋಸ್ಕರ. ಇನ್ನೊಂದು ಸಲ ನನ್ನ ತಪ್ಪನ್ನ ನೀನು ತಲೆ ಮೇಲೆ ಹೊತ್ಕೋಬಾರ್ದು ಅಂತ."

ಹೊರಗೆ ಸಂಜೆ ಕವಿಯುತ್ತಿತ್ತು. ಅವಳ ಮನಸ್ಸಿನಲ್ಲಿ ಸಿಟ್ಟಿಗೆಂದು ಇಟ್ಟುಕೊಂಡಿದ್ದ ಜಾಗವೆಲ್ಲ ಒಮ್ಮೆಲೇ ಖಾಲಿಯಾಗಿ, ಅಲ್ಲಿ ಏನು ತುಂಬಬೇಕೋ ತಿಳಿಯದೆ ಹೋಯಿತು. ಎಷ್ಟು ವರ್ಷ ಸುಮ್ಮನೆ ಹಾಳು ಮಾಡಿದೆವಲ್ಲ ಎಂದುಕೊಂಡಳು.

"ಒಂದ್ಸಲ ಬಂದಿದ್ದೆ" ಎಂದ ಅವನು. "ರಜೆ ಹಾಕಿ. ನಿಮ್ಮಂಗಡಿ ಎದುರಿಗೆ ನಿಂತಿದ್ದೆ. ನೀನು ಯಾರೋ ಮಗುಗೆ ಶೂ ಹಾಕಿ ನೋಡ್ತಿದ್ದೆ. ಬೋರ್ಡ್ ಹಿಡೀಬೇಕಾದ ಕೈ ನನ್ನಿಂದ ಮತ್ತೆ ಚಪ್ಪಲಿ ಹಿಡೀತಿದೆ ಅನ್ನಿಸ್ತು. ಒಂದು ಜೊತೆ ಚಪ್ಪಲಿ ಕೊಳ್ಳೋ ನೆಪದಲ್ಲಾದ್ರೂ ಒಳಗೆ ಬರೋಣ ಅಂದ್ಕೊಂಡೆ. ಕಾಲೇ ಏಳಲಿಲ್ಲ."

"ಬರಬೇಕಿತ್ತು. ಮುಂದಿನ ಪರೀಕ್ಷೇಲೇ ಪಾಸಾದೆ ನಾನು. ಆ ಚಪ್ಪಲೀಲಿ ನಾಲ್ಕು ಬಾರಿಸಿ, ಆಮೇಲೆ ಟೀ ಕುಡಿಸ್ತಿದ್ದೆ."

"ಈಗ್ಲೂ ಅಂಗಡಿ ಇದೆಯಾ?"

"ಇದೆ. ಅತ್ತಿಗೆ ಕೂತಿರ್ತಾರೆ. ತಂದ ಗಂಡುಗಳಿಗೆಲ್ಲ ಕೊಂಕು ತೆಗೀತಾಳೆ ಅಂತ ನನ್ನ ಮೇಲೆ ಇನ್ನೂ ಮುನಿಸು." ಹೇಳಿ ಅವನ ಕಡೆ ಓರೆಗಣ್ಣಿನಿಂದ ನೋಡಿದಳು. "ನಿಮ್ಮನೇಲಿ?"

"ನಮ್ಮನೇಲಿ ನಾನು, ನಮ್ಮಮ್ಮ. ಅಮ್ಮಂಗೆ ನನ್ನ ಸಿಳ್ಳೆ ಕೇಳಿ ಸಾಕಾಗಿದೆ."

ಅವಳು ತುಟಿ ಕಚ್ಚಿಕೊಂಡು ಎದ್ದಳು. ಮೊಳೆಯಿಂದ ಬೋರ್ಡನ್ನು ಇಳಿಸಿ, ಧೂಳು ಊದಿ, ಮೇಜಿನ ಮೇಲಿಟ್ಟಳು. "ಸಾಲ್ಡರಿಂಗ್ ಕಡ್ಡಿ ಇದೆಯಾ?"

ಗುಜರಿ ಪೆಟ್ಟಿಗೆಯಲ್ಲಿ ಒಂದು ಸಿಕ್ಕಿತು. ಅವನು ಕಾಯಿಸಿದ, ಅವಳು ಅಂದು ಕಿತ್ತಿದ್ದ ಜಾಗಕ್ಕೆ ಪೆಟ್ಟಿಗೆಯ ಇನ್ನೊಂದು ರೆಸಿಸ್ಟರು ಕೂರಿಸಿ, ಸುಲಿದ ಗೆರೆಯ ಬದಲಿಗೆ ತೆಳ್ಳನೆಯ ವೈರಿನ ತುಂಡು ಹಾಯಿಸಿದಳು. ಅವನು ಬೋರ್ಡು ಅಲುಗದಂತೆ ಹಿಡಿದುಕೊಂಡ. ಅವಳ ಮುಂಗುರುಳು ಕಣ್ಣಿಗೆ ಬಿದ್ದಾಗ ಎರಡು ಕೈಯೂ ಬಿಡುವಿಲ್ಲದ ಅವನು ಊದಿ ಸರಿಸಿದ. ಅವಳ ಕಿವಿ ಕೆಂಪಾಯಿತು. ವಯಸ್ಸಾಯಿತೆಂದು ಕಿವಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಮೂಲೆಯಲ್ಲಿದ್ದ ಹಳೆಯ ಪವರ್ ಸಪ್ಲೈ ಪೆಟ್ಟಿಗೆಯನ್ನು ಎಳೆದು ಜೋಡಿಸಿದಳು. ಸ್ವಿಚ್ಚಿನ ಕಡೆ ಕೈ ಚಾಚಿದಾಗ ಅವನು ಗಾಬರಿಯಿಂದ ತಡೆದ.

"ಏಯ್, ಅಳೆಯಲ್ವಾ? ಇದರ ವೈರು ನೋಡು, ಎಲ್ಲಾ ಹಳೇದು. ಲಿಫ್ಟಿನ ಕೆಲಸಕ್ಕೆ ಸೇರಿದ್ಮೇಲೆ ನಾನಂತೂ ಅಳೀದೆ ಯಾವ್ದನ್ನೂ ಮುಟ್ಟಲ್ಲ."

"ನಾನೂ ಮುಟ್ಟಲ್ಲ. ಇವತ್ತೊಂದಿನ ಬಿಟ್ಟು." ಕೈ ಸ್ವಿಚ್ಚಿನ ಮೇಲೆಯೇ ಇತ್ತು. "ಆವತ್ತು ಏನು ಹೇಳೋಕೆ ಕೂತಿದ್ದೆ, ಇನ್ನೂ ಹೇಳಿಲ್ಲ ನೀನು."

"ನೀನಿಲ್ಲದೆ ಬಸ್ ಹತ್ತೋಕೆ ಇಷ್ಟ ಇಲ್ಲ ಅಂತ" ಎಂದ ಅವನು. ಒಂದೇ ಉಸಿರಿಗೆ, ತಲೆ ತಗ್ಗಿಸಿಕೊಂಡು. "ಈಗ್ಲೂ ಇಲ್ಲ."

ಅವಳು ಸ್ವಿಚ್ ಒತ್ತಿದಳು.

ಮೊದಲ ದೀಪ ಹತ್ತಿತು. ಆಮೇಲೆ ಎರಡನೆಯದು. ಕೆಂಪು ಬೆಳಕು ಮೆಲ್ಲಗೆ ತಡವರಿಸಿ, ಆಮೇಲೆ ದಾರಿ ನೆನಪಾದಂತೆ, ಈ ತುದಿಯಿಂದ ಆ ತುದಿಗೆ ಓಡತೊಡಗಿತು. ಅವನ ಕನ್ನಡಕದಲ್ಲಿ ಓಡಿತು, ಅವಳ ಐಡಿ ಕಾರ್ಡಿನಲ್ಲಿ ಓಡಿತು. ಆ ದಿನವೂ ಇದು ಹೀಗೆಯೇ ಓಡುವುದಿತ್ತು. ಅವಳು ಕಣ್ಣು ಒರೆಸಿಕೊಳ್ಳಲೆಂದು ಕೈ ಎತ್ತಿದಳು.

ಟಪ್.

ದೀಪ, ಟ್ಯೂಬ್‌ಲೈಟು, ಫ್ಯಾನು, ಕಾರಿಡಾರು ಎಲ್ಲ ಒಟ್ಟಿಗೇ ಹೋದವು. ಸುಟ್ಟ ವೈರಿನ ವಾಸನೆ ಬಂತು.

"ಯಾರಪ್ಪಾ ಅದು?" ದೂರದಿಂದ ಅಟೆಂಡರಣ್ಣನ ಕೂಗು.

ಕತ್ತಲಲ್ಲಿ ಪಕ್ಕದವನು ಅಭ್ಯಾಸಬಲದಿಂದ ಬಾಯಿ ತೆರೆದ. "ನಾ..."

ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಈ ಸಲ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ.

"ನಾವು, ಅಟೆಂಡರಣ್ಣ!" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗಿದಳು. "ನಾವಿಬ್ರೂ!"

ಕಾರಿಡಾರಿನಲ್ಲಿ ಹೆಜ್ಜೆಯ ಸದ್ದು ನಿಂತಿತು. ಅವಳ ಕೈ ಅವನ ಬಾಯಿಂದ ಇಳಿಯಿತು, ದೂರ ಹೋಗಲಿಲ್ಲ. ಅವನು ಅದನ್ನು ಹಿಡಿದುಕೊಂಡಿದ್ದ.

"ಸರಿ ಬಿಡಿ. ಫ್ಯೂಸು ಆಮೇಲೆ ಹಾಕಿದ್ರಾಯ್ತು" ಎಂದ ಅಟೆಂಡರಣ್ಣ ಅಲ್ಲಿಂದಲೇ. "ಎರಡು ಟೀ ತರ್ತೀನಿ. ಈ ಸಲನಾದ್ರೂ ಬಿಸಿ ಇರೋವಾಗ್ಲೇ ಕುಡೀರಪ್ಪ, ತಣ್ಣಗಿರೋದನ್ನ ಕುಡಿಯೋಕೆ ನನ್ನ ಕೈಲಾಗಲ್ಲ."